ಬ್ರಿಗೇಡ್ ರಸ್ತೆಯ ಮೂರು ಬಾಗಿಲುಗಳು

(ಸಂತ ಪ್ಯಾಟ್ರಿಕ್ಕರ ಹಬ್ಬದ ಪ್ರಬೋಧನೆ)



ಇಂದು ಮಾರ್ಚ್ 17. ತಪಸ್ಸುಕಾಲದ ನಡುವೆ ಬರುವ ಹಬ್ಬ. ಆದರೆ ನಮ್ಮ ಪಾಲಕ ಸಂತರ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಹಸಿರು ಟೋಪಿ ಮತ್ತು ಬಿಯರ್ ಲೋಟ. ಪಾಪ, ಪ್ಯಾಟ್ರಿಕ್ಕರಿಗೂ ಅದಕ್ಕೂ ಏನು ಸಂಬಂಧ? ಐದನೆಯ ಶತಮಾನದಲ್ಲಿ, ಹದಿನಾರರ ಹುಡುಗನಾಗಿದ್ದಾಗ ಕಡಲ್ಗಳ್ಳರು ಹೊತ್ತೊಯ್ದು ಐರ್ಲೆಂಡಿನಲ್ಲಿ ಗುಲಾಮನಾಗಿ ಮಾರಿದರು. ಆರು ವರ್ಷ ಚಳಿಯಲ್ಲಿ ಮಂದೆ ಕಾಯುತ್ತಾ ಪ್ರಾರ್ಥನೆ ಕಲಿತರು. ತಪ್ಪಿಸಿಕೊಂಡು ಮನೆ ಸೇರಿದವರು, ತಮ್ಮನ್ನು ಗುಲಾಮನಾಗಿಸಿದ ಜನರ ಬಳಿಗೇ ಶುಭಸಂದೇಶ ಹೊತ್ತು ಮರಳಿದರು. ಇಷ್ಟು ಅವರ ಕಥೆ. ಐರ್ಲೆಂಡಿನಲ್ಲೇ 1927ರ ಕಾನೂನು ಈ ಹಬ್ಬದಂದು ಪಬ್‌ಗಳನ್ನು ಮುಚ್ಚಿಸಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ಅದು ನಡೆಯಿತು. ಡಬ್ಲಿನ್ನಿನ ನಾಯಿ ಪ್ರದರ್ಶನದಲ್ಲಿ ಮಾತ್ರ ಬಾರ್ ತೆರೆದಿರುತ್ತಿತ್ತಂತೆ. ಆ ಒಂದು ದಿನ ಜನರಿಗೆ ನಾಯಿಗಳ ಮೇಲೆ ಎಲ್ಲಿಲ್ಲದ ಪ್ರೀತಿ!

ಈಗ ನಮ್ಮ ನೆರೆಹೊರೆಯತ್ತ ನೋಡೋಣ. 1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದು ದಂಡು ಹಾಕಿತು. ಆ ಸಿಪಾಯಿಗಳಲ್ಲಿ ಹೊಟ್ಟೆಪಾಡಿಗೆ ಕೋವಿ ಹಿಡಿದ ಐರಿಷ್ ಬಡ ಕಥೋಲಿಕರು ಬಹಳ. 1840ರ ದಶಕದಲ್ಲಿ ಇಲ್ಲಿ ಎದ್ದ ದೇವಾಲಯಕ್ಕೆ ಪ್ಯಾಟ್ರಿಕ್ಕರ ಹೆಸರು ಬಂದದ್ದು ಹೀಗೆ. ದೇವಾಲಯದ ಹಿಂದೆಯೇ ಶಾಲೆಗಳು ಬಂದವು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು, 1882ರಲ್ಲಿ ಫ್ರೆಂಚ್ ಗುರುಗಳ ಸಂತ ಜೋಸೆಫರ ಕಾಲೇಜು. 1937ರಲ್ಲಿ ಅದು ಯೇಸುಸಭೆಯವರ ಕೈಸೇರಿತು. ಆಂಗ್ಲಿಕನ್ ಸಹೋದರರ ಬಿಷಪ್ ಕಾಟನ್ ಶಾಲೆ 1865ರದು. ಎಲ್ಲವೂ ನಡೆದು ಹೋಗುವ ದೂರ.

ಮೂರನೆಯ ಬಾಗಿಲೂ ಹಿಂದೆ ಬೀಳಲಿಲ್ಲ. ರೆಸಿಡೆನ್ಸಿ ರಸ್ತೆಯ ಕ್ಲಬ್ಬಿನ 1899ರ ದಾಖಲೆಯಲ್ಲಿ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದ ಒಬ್ಬ ಯುವ ಅಧಿಕಾರಿಯ ಹೆಸರಿದೆ: ವಿನ್‌ಸ್ಟನ್ ಚರ್ಚಿಲ್. 1915ರಲ್ಲಿ ಥಾಮಸ್ ಲೀಷ್ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಈಗ ಯುಬಿ ಸಿಟಿ ನಿಂತಿರುವುದು ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ. ಅದೇ ರಸ್ತೆಯಲ್ಲಿ ಸಂತ ಜೋಸೆಫರ ಇಂಡಿಯನ್ ಶಾಲೆ. 1980ರ ದಶಕದಲ್ಲಿ ಪಬ್‌ಗಳ ಕಾಲ ಶುರುವಾಯಿತು. 1989ರಲ್ಲಿ ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ ಪೆಕೋಸ್ ತೆರೆಯಿತು. ಬೆಂಗಳೂರು 'ಪಬ್ ನಗರಿ' ಎನಿಸಿಕೊಂಡಿತು. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಷೇಧಿಸಿತು. ಬಡವನ ಪ್ಯಾಕೆಟ್ಟು ಹೋಯಿತು, ಉಳಿದವರ ಲೋಟ ಉಳಿಯಿತು. ಬಡವ ಕುಡಿಯುವುದನ್ನು ಬಿಟ್ಟನೇ? ಹೆಚ್ಚು ಬೆಲೆಯದನ್ನು ಕುಡಿಯತೊಡಗಿದ, ಅಷ್ಟೇ.

ಪಬ್‌ಗೆ ಬೆಂಕಿ ಹಚ್ಚಿ ಎಂದು ನಾನು ಹೇಳಲಾರೆ. ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಪ್ರಭುವಿನ ಶಿಷ್ಯರು ನಾವು. ನನಗೆ ಚಿಂತೆ ಬೇರೆ. ನಮ್ಮ ಸಿನಿಮಾಗಳಲ್ಲಿ ಶಿಲುಬೆ ಧರಿಸಿದವನ ಕೈಯಲ್ಲಿ ಬಾಟಲಿ ಇರಲೇಬೇಕು ಎಂದು ನಾವು ಸಿಟ್ಟಾಗುತ್ತೇವೆ. ನ್ಯಾಯವೇ. ಆದರೆ ಮಗುವಿನ ಜ್ಞಾನಸ್ನಾನಕ್ಕೆ ಸಾಲ ಮಾಡಿ ಬಾಟಲಿ ತರಿಸುವವರು ಸಿನಿಮಾದವರಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಫೀಜಿಗೆಂದು ಗುರುಮನೆಯ ಮೆಟ್ಟಿಲ ಬಳಿ ನಿಲ್ಲುವ ತಾಯಂದಿರನ್ನು ಕೇಳಿ, ಗಂಡನ ಸಂಬಳ ಮೊದಲು ಯಾವ ಬಾಗಿಲಿಗೆ ಹೋಯಿತೆಂದು.

ಪ್ಯಾಟ್ರಿಕ್ಕರ ನಾಡಿನವರೇ ಆದ ಮ್ಯಾಟ್ ಟಾಲ್ಬಟ್ ಡಬ್ಲಿನ್ನಿನ ಕೂಲಿಯಾಳು. ಚಿಕ್ಕಂದಿನಲ್ಲೇ ಕುಡಿತ ಹತ್ತಿತ್ತು. ಹೆಂಡಕ್ಕಾಗಿ ಒಬ್ಬ ಬೀದಿ ಹಾಡುಗಾರನ ಪಿಟೀಲನ್ನೇ ಕದ್ದು ಮಾರಿದ್ದರು. 1884ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ವಾರವಿಡೀ ಕೆಲಸವಿಲ್ಲದೆ ಬರಿಗೈಯಲ್ಲಿ ಪಬ್ಬಿನ ಹೊರಗೆ ನಿಂತರು. ತಾವು ಎಷ್ಟೋ ಸಲ ಕುಡಿಸಿದ ಗೆಳೆಯರು ಒಬ್ಬೊಬ್ಬರಾಗಿ ದಾಟಿ ಹೋದರು. ಒಬ್ಬನೂ 'ಬಾ' ಎನ್ನಲಿಲ್ಲ. ಮನೆಗೆ ಮರಳಿ ತಾಯಿಗೆ ಹೇಳಿದರು, ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು. ಮೊದಲು ಮೂರು ತಿಂಗಳಿಗೆ ಮಾತ್ರ. ಆ ಮೂರು ತಿಂಗಳು ಬಹಳ ಕಷ್ಟವಾಯಿತು. ಆದರೂ ಮತ್ತೆ ಕುಡಿಯಲಿಲ್ಲ. ಪಿಟೀಲಿನವನನ್ನು ಹುಡುಕುತ್ತಾ ಡಬ್ಲಿನ್ ಅಲೆದರು, ಆತ ಸಿಗಲಿಲ್ಲ. ಆ ಹಣದಲ್ಲಿ ಅವನಿಗಾಗಿ ಬಲಿಪೂಜೆ ಮಾಡಿಸಿದರು. ಸಾಲಗಳನ್ನೆಲ್ಲ ತೀರಿಸಿದರು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಂಡರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು.

ಆ ಸಂಜೆ ಅವರಿಗೆ ತಾಯಿಯ ಮನೆಯ ಬಾಗಿಲು ತೆರೆದಿತ್ತು. ನಮ್ಮಲ್ಲಿ ಕುಡಿಯುವ ಅಣ್ಣನನ್ನೋ ಅಪ್ಪನನ್ನೋ ಕಂಡರೆ ಬಲಿಪೂಜೆಯಲ್ಲೂ ಪಕ್ಕಕ್ಕೆ ಸರಿದು ಕೂರುತ್ತೇವೆ. ದಯವಿಟ್ಟು ಅವರನ್ನು ಇಲ್ಲಿಗೆ ಕರೆದು ತನ್ನಿ. ಬಲಿಪೂಜೆಯ ನಂತರ ಗುರುಮನೆಯಲ್ಲಿ ನಿಮ್ಮ ಧರ್ಮಕೇಂದ್ರದ ಗುರುಗಳೂ ನಾನೂ ಇರುತ್ತೇವೆ. ಪ್ರತಿಜ್ಞೆ ಮಾಡಬಯಸುವವರು ಬನ್ನಿ, ಒಬ್ಬರೇ ಬರಲು ಸಂಕೋಚವಾದರೆ ಮನೆಯವರ ಜೊತೆ ಬನ್ನಿ. ಜೀವಮಾನದ ಮಾತು ಯಾರೂ ಕೇಳುವುದಿಲ್ಲ. ಮೂರು ತಿಂಗಳು ಸಾಕು.