ವೈರಸ್‌ಗೂ ಬೇಡದ ಕ್ಯಾನ್ಸರ್

ಇವತ್ತಿನ ಮಾತು ಒಂದು ಲೆಕ್ಕದಿಂದ ಶುರುವಾಗಲಿ. ನಮ್ಮ ಡಿಎನ್‌ಎಯನ್ನು ಅಕ್ಷರಗಳ ಸಾಲು ಅಂದುಕೊಂಡರೆ, ಅದರ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಇಟ್ಟುಕೊಂಡಿರುವುದು ಹೆಚ್ಚುಕಡಿಮೆ 8000. ಪತ್ರಿಕೆಯಲ್ಲಿ ಬರುವ ಒಂದು ಲೇಖನದಷ್ಟು, ಅಷ್ಟೇ. ಈ ವೈರಸ್ ಕಾರಣವಾಗುವ ಗರ್ಭಕಂಠದ ಕ್ಯಾನ್ಸರ್‌ನಿಂದ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.5 ಲಕ್ಷ ಹೆಂಗಸರು ತೀರಿಕೊಂಡರು. ಭಾರತದಲ್ಲೇ ಸುಮಾರು 80 ಸಾವಿರ. ಇಷ್ಟಾದ ಮೇಲೆ ವೈರಸ್ಸನ್ನು ಕೊಲೆಗಾರ ಅನ್ನದೆ ಇನ್ನೇನು ಅನ್ನಬೇಕು ಅನಿಸುವುದು ಸಹಜ. ಆದರೆ ಕೋಶದೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಕಥೆ ಬೇರೆಯೇ ಇದೆ. ಕ್ಯಾನ್ಸರ್ ಆದಲ್ಲಿ ವೈರಸ್ ಗೆದ್ದಿರುವುದಿಲ್ಲ, ಸೋತಿರುತ್ತದೆ. ಅದರ ಬದುಕು ಅರ್ಧ ದಾರಿಯಲ್ಲಿ ಕೆಟ್ಟು ನಿಂತದ್ದರ ಗುರುತು ಕ್ಯಾನ್ಸರ್. ಹೀಗೆ ಹೇಳಲು ಆಧಾರವೇನು, ಹೀಗೆ ತಿಳಿದುಕೊಂಡರೆ ನಮಗೇನು ಪ್ರಯೋಜನ, ಎರಡನ್ನೂ ನೋಡೋಣ.

ಮೊದಲು ವೈರಸ್‌ನ ಕಷ್ಟ ಏನು ಅಂತ ತಿಳಿಯಬೇಕು. ಗರ್ಭಕಂಠದ ಮೇಲಿನ ಹೊದಿಕೆ ಪದರ ಪದರವಾಗಿದೆ. ಕೆಳಗಿನ ಪದರದ ಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಮೇಲಕ್ಕೆ ಸರಿದವು ಒಡೆಯುವುದನ್ನು ನಿಲ್ಲಿಸಿ, ಬಲಿತು, ಕೊನೆಗೆ ಸಿಪ್ಪೆಯಂತೆ ಉದುರುತ್ತವೆ. ಎಚ್‌ಪಿವಿ ಸಣ್ಣ ಗಾಯವೊಂದರ ಮೂಲಕ ಕೆಳಗಿನ ಪದರಕ್ಕೆ ಇಳಿಯುತ್ತದೆ, ಆದರೆ ಮರಿಗಳನ್ನು ಮಾಡುವುದು ಮೇಲಿನ ಪದರಗಳಲ್ಲಿ. ಉದುರುವ ಸಿಪ್ಪೆಯ ಜೊತೆಗೇ ಹೊರಗೆ ಹೋಗಿಬಿಡುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಜ್ವರ ಬರಿಸುವುದಿಲ್ಲ, ಗದ್ದಲವೇ ಇಲ್ಲ. ಒಂದೇ ತೊಡಕು: ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವ ಅದರ ಬಳಿ ಇಲ್ಲ. ಅದು ಕೋಶದ ಬಳಿ ಇದೆ. ಆದರೆ ಮೇಲಿನ ಪದರದ ಕೋಶಗಳು ನಕಲು ಮಾಡುವ ಕೆಲಸವನ್ನೇ ಮುಗಿಸಿ ಕೂತಿವೆ. ಅಕ್ಕಿ ಬೇಳೆ ಗಂಟು ಕಟ್ಟಿಕೊಂಡು ಬಂದ ನೆಂಟ, ಒಲೆ ಆರಿಸಿ ಮಲಗಿದ ಮನೆಗೆ ಬಂದ ಹಾಗೆ. ಅವನು ಉಣ್ಣಬೇಕಾದರೆ ಆ ಮನೆಯ ಒಲೆಯನ್ನು ಮತ್ತೆ ಹೊತ್ತಿಸಲೇಬೇಕು.

ಒಲೆಗೆ ಕಾವಲಿದೆ. ಕೋಶ ಒಡೆಯುವ ಮುನ್ನ ತನ್ನ ಡಿಎನ್‌ಎಯ ನಕಲು ಮಾಡಿಕೊಳ್ಳುತ್ತದೆ. ಆ ಹಂತಕ್ಕೆ ಹೋಗುವ ಬಾಗಿಲಲ್ಲಿ ನಿಂತಿರುವುದು ಆರ್‌ಬಿ ಎಂಬ ಪ್ರೋಟೀನ್. ನಕಲಿಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುವ ಇ2ಎಫ್ ಎಂಬ ಪ್ರೋಟೀನನ್ನು ಆರ್‌ಬಿ ಹಿಡಿದಿಟ್ಟುಕೊಂಡಿರುತ್ತದೆ. ಬೆಳೆಯುವ ಸೂಚನೆ ಬಂದಾಗ ಮಾತ್ರ ಸೈಕ್ಲಿನ್‌ಗಳೂ ಅವುಗಳ ಜೊತೆಗಾರ ಕಿಣ್ವಗಳೂ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ, ಅದರ ಹಿಡಿತ ಸಡಿಲವಾಗುತ್ತದೆ, ಇ2ಎಫ್ ಬಿಡುಗಡೆಯಾಗುತ್ತದೆ. ಎಚ್‌ಪಿವಿಯ ಇ7 ಪ್ರೋಟೀನ್ ಈ ಸೂಚನೆಗೆ ಕಾಯುವುದಿಲ್ಲ. ಅದರ ಮೈಮೇಲೆ ಐದೇ ಕೊಂಡಿಯ ಒಂದು ಕೊಕ್ಕೆಯಿದೆ: ಲ್ಯೂಸಿನ್, ಯಾವುದಾದರೂ ಒಂದು ಅಮೈನೋ ಆಮ್ಲ, ಸಿಸ್ಟೀನ್, ಮತ್ತೆ ಯಾವುದಾದರೂ ಒಂದು, ಕೊನೆಗೆ ಗ್ಲುಟಾಮಿಕ್ ಆಮ್ಲ. ಈ ಕೊಕ್ಕೆ ಆರ್‌ಬಿಯ ಒಂದು ಪೊಟರೆಯಲ್ಲಿ ಸರಿಯಾಗಿ ಕೂರುತ್ತದೆ. ಆರ್‌ಬಿ ಕೈಬಿಡುತ್ತದೆ, ಆಮೇಲೆ ನಾಶವೇ ಆಗುತ್ತದೆ. ಕರೆಯದೆ ಹೊತ್ತಿದ ಈ ಒಲೆಯನ್ನು ಕೋಶ ಗಮನಿಸದೆ ಇರುವುದಿಲ್ಲ. ಎರಡನೆಯ ಕಾವಲುಗಾರ ಪಿ53 ಎಚ್ಚೆತ್ತು, ಒಂದೋ ಕೋಶದ ಕೆಲಸ ನಿಲ್ಲಿಸುತ್ತದೆ, ಇಲ್ಲವೇ ಕೋಶ ತಾನೇ ಸಾಯುವಂತೆ ಆಜ್ಞೆ ಕೊಡುತ್ತದೆ. ಅದಕ್ಕೇ ವೈರಸ್‌ಗೆ ಇ6 ಎಂಬ ಇನ್ನೊಂದು ಪ್ರೋಟೀನ್ ಬೇಕಾಯಿತು. ಇ6 ಸ್ವತಃ ಕೊಲ್ಲುವುದಿಲ್ಲ. ಕೋಶದ್ದೇ ಆದ ಒಂದು ಕಿಣ್ವವನ್ನು ಕರೆತಂದು ಪಿ53ಗೆ ‘ಇದು ಕಸ’ ಎಂಬ ಚೀಟಿ ಅಂಟಿಸುತ್ತದೆ. ಮಿಕ್ಕದ್ದನ್ನು ಕೋಶದ ಕಸ ವಿಲೇವಾರಿ ವ್ಯವಸ್ಥೆಯೇ ಮುಗಿಸುತ್ತದೆ. ಇದೆಲ್ಲ ಕಣ್ಣಿಗೂ ಕಾಣುತ್ತದೆ. ಆರ್‌ಬಿ ಹೋದಾಗ ಅದಕ್ಕೂ ಮೇಲಿನ ಬ್ರೇಕ್ ಆದ ಪಿ16 ಎಂಬ ಪ್ರೋಟೀನ್ ಕೋಶದಲ್ಲಿ ರಾಶಿ ಬೀಳುತ್ತದೆ. ತಂತಿ ಕಡಿದ ಸೈಕಲ್‌ನ ಬ್ರೇಕನ್ನು ಎಷ್ಟು ಒತ್ತಿದರೂ ಗಾಲಿ ನಿಲ್ಲುವುದಿಲ್ಲವಲ್ಲ, ಹಾಗೆ. ಪೆಥಾಲಜಿ ಲ್ಯಾಬ್‌ನಲ್ಲಿ ಪಿ16ಗೆ ಬಣ್ಣ ಹಾಕಿ ನೋಡಿದರೆ ಕೆಟ್ಟ ಕೋಶಗಳು ಒತ್ತಾಗಿ ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ.

ಇಲ್ಲಿಯವರೆಗೆ ಆದದ್ದು ಕ್ಯಾನ್ಸರ್ ಅಲ್ಲ. ನೆಂಟ ಅಡುಗೆ ಮಾಡಿದ, ಉಂಡ, ಉದುರುವ ಕೋಶದ ಜೊತೆ ಹೊರಟ. ಬಹುತೇಕರಲ್ಲಿ ರೋಗನಿರೋಧಕ ಶಕ್ತಿ ಒಂದೆರಡು ವರ್ಷಗಳಲ್ಲಿ ಸೋಂಕನ್ನು ಅಡಗಿಸಿಬಿಡುತ್ತದೆ. ಅಪಾಯ ಇರುವುದು ಸೋಂಕು ವರ್ಷಗಟ್ಟಲೆ ಉಳಿದಾಗ. ವೈರಸ್‌ನ ಡಿಎನ್‌ಎ ಬಳೆಯಂತೆ ದುಂಡಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಆ ಬಳೆ ಒಡೆದು ನಮ್ಮ ಕ್ರೋಮೋಸೋಮ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾದಾಗ ಹಾಳಾಗುವುದು ಹಲವು ಬಾರಿ ಇ2 ಎಂಬ ಜೀನ್. ಇ6 ಮತ್ತು ಇ7 ಮಿತಿಮೀರದಂತೆ ಹತೋಟಿಯಲ್ಲಿಡುತ್ತಿದ್ದದ್ದೇ ಅದು. ಈಗ ಒಲೆ ಉರಿಯುತ್ತಲೇ ಇದೆ, ಆರಿಸುವವರಿಲ್ಲ. ನೆಂಟನೂ ಗೋಡೆಯೊಳಗೆ ಸಿಕ್ಕಿಬಿದ್ದಿದ್ದಾನೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಹೊಸ ವೈರಸ್ ಕಣಗಳನ್ನು ತಯಾರಿಸುವುದೇ ಇಲ್ಲ. ಕಾವಲಿಲ್ಲದ ಕೋಶ ಒಡೆಯುತ್ತಾ ಹೋದಂತೆ ಅದರ ಸ್ವಂತ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತಾ ಹೋಗುತ್ತವೆ. ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಇದು ಬರೀ ಅವಘಡವಾಗಿದ್ದರೆ, ಕ್ಯಾನ್ಸರ್ ತಡೆಯುವ ಎರಡು ಪ್ರೋಟೀನ್‌ಗಳನ್ನೇ ಹುಡುಕಿ ಹೊಡೆಯುವ ಆಯುಧ ವೈರಸ್‌ಗೆ ಹೇಗೆ ಬಂತು? ಉತ್ತರ ಹೆಸರಿನಲ್ಲೇ ಅಡಗಿದೆ. ‘ಕ್ಯಾನ್ಸರ್ ತಡೆಯುವ ಪ್ರೋಟೀನ್’ ಅಂದವರು ನಾವು. ವೈರಸ್‌ನ ಪಾಲಿಗೆ ಅವು ಡಿಎನ್‌ಎ ನಕಲಿಗೆ ಅಡ್ಡ ನಿಂತ ಬಾಗಿಲುಗಳು. ನೆಗಡಿ ತರುವ ಅಡೆನೋವೈರಸ್ ನೋಡಿ, ಎಚ್‌ಪಿವಿಗೆ ದೂರದ ನೆಂಟಸ್ತಿಕೆಯೂ ಇಲ್ಲ. ಆದರೂ ಅದರ ಇ1ಎ ಪ್ರೋಟೀನ್ ಆರ್‌ಬಿಯನ್ನು ಹಿಡಿಯುವುದು ಅದೇ ಐದು ಕೊಂಡಿಯ ಕೊಕ್ಕೆಯಿಂದ. ಕೋತಿಗಳ ಎಸ್‌ವಿ40 ವೈರಸ್‌ನಲ್ಲೂ ಅದೇ ಕೊಕ್ಕೆ. 1979ರಲ್ಲಿ ಪಿ53 ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ ಎಸ್‌ವಿ40ಯ ಪ್ರೋಟೀನೊಂದಕ್ಕೆ ಅಂಟಿಕೊಂಡು. ಅಡೆನೋವೈರಸ್ ನಮ್ಮ ಕೋಶಗಳಲ್ಲಿ ಕೆಲಸ ಮುಗಿಸಿ ಅವನ್ನು ಒಡೆದು ಹೊರಬರುತ್ತದೆ, ಕೋಶ ಸಾಯುತ್ತದೆ, ಕ್ಯಾನ್ಸರ್‌ನ ಮಾತೇ ಇಲ್ಲ. ಅದನ್ನೇ 1962ರಲ್ಲಿ ಹ್ಯಾಮ್‌ಸ್ಟರ್ ಮರಿಗಳಿಗೆ ಚುಚ್ಚಿದಾಗ ಗಡ್ಡೆಗಳೆದ್ದವು. ಯಾಕೆ? ಪರಕೀಯ ಕೋಶದಲ್ಲಿ ಅದು ಬಾಗಿಲು ಮುರಿಯಬಲ್ಲದು, ಮುಂದಿನ ಕೆಲಸ ಪೂರೈಸಲಾರದು. ಹಾಗಾಗಿ ಕೋಶ ಸಾಯದೆ, ಕಾವಲೂ ಇಲ್ಲದೆ ಉಳಿಯಿತು. ಮರ್ಕೆಲ್ ಕೋಶದ ಚರ್ಮದ ಕ್ಯಾನ್ಸರ್‌ನಲ್ಲಿ 2008ರಲ್ಲಿ ಪತ್ತೆಯಾದ ವೈರಸ್‌ನ ಕಥೆಯೂ ಇದೇ. ಗಡ್ಡೆಯೊಳಗಿನ ವೈರಸ್‌ನಲ್ಲಿ ನಕಲಿಗೆ ಬೇಕಾದ ತುಂಡು ಮುರಿದುಹೋಗಿದೆ, ಆರ್‌ಬಿ ಹಿಡಿಯುವ ಕೊಕ್ಕೆ ಮಾತ್ರ ಉಳಿದಿದೆ. ಇನ್ನೂ ಒಂದು ಸಾಕ್ಷಿ ಬೇಕೇ? ನರುಳ್ಳೆ ತರುವ ಎಚ್‌ಪಿವಿ ತಳಿಗಳಾದ 6 ಮತ್ತು 11ರ ಇ6 ಪಿ53ಯನ್ನು ನಾಶ ಮಾಡುವುದಿಲ್ಲ. ಆದರೂ ಅವು ಜಗತ್ತಿನಲ್ಲಿ ಸುಖವಾಗಿ ಬಾಳುತ್ತಿವೆ. ಬಾಳಲು ಕ್ಯಾನ್ಸರ್ ಬೇಕಿಲ್ಲ.

ಎರಡನೆಯ ಆಕ್ಷೇಪ ಇದಕ್ಕೆ ತಲೆಕೆಳಗು. ಸೋಂಕು ತಗುಲಿದ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ, ಬರಲು ದಶಕಗಳೂ ಬೇಕು ಅಂದಮೇಲೆ, ವೈರಸ್ ಕಾರಣ ಹೇಗಾಯಿತು, ಗಡ್ಡೆಯಲ್ಲಿ ಸುಮ್ಮನೆ ಸಿಕ್ಕಿಕೊಂಡ ಪ್ರಯಾಣಿಕ ಯಾಕಾಗಿರಬಾರದು? ಇದಕ್ಕೆ ಉತ್ತರ ಕೊಟ್ಟದ್ದು ಹೀಲಾ ಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆಯೇ ತೆಗೆದ ಕೋಶಗಳಿವು. ಆಕೆ ಅದೇ ವರ್ಷ ತೀರಿಕೊಂಡರು, ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಎಚ್‌ಪಿವಿ 18ರ ತುಣುಕು ಇದೆ, ಲೆಕ್ಕವಿಲ್ಲದಷ್ಟು ಇತರ ತಪ್ಪುಗಳೂ ಇವೆ. ವಿಜ್ಞಾನಿಗಳು ಅವುಗಳಿಗೆ ಇ2 ಜೀನನ್ನು ಮರಳಿ ಕೊಟ್ಟರು. ಇ6, ಇ7 ಬಾಯಿ ಮುಚ್ಚಿದವು, ಆರ್‌ಬಿ ಮತ್ತು ಪಿ53 ಕೆಲಸಕ್ಕೆ ಮರಳಿದವು, ದಶಕಗಳಿಂದ ನಿಲ್ಲದೆ ಒಡೆಯುತ್ತಿದ್ದ ಕೋಶಗಳು ಕೆಲವೇ ದಿನಗಳಲ್ಲಿ ನಿಂತು ಮುದಿಯಾದವು. ಸುಮ್ಮನೆ ಕೂತ ಪ್ರಯಾಣಿಕನನ್ನು ಇಳಿಸಿದರೆ ಬಂಡಿ ನಿಲ್ಲುವುದಿಲ್ಲ. ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ಪಿ53ಯ ಜೀನೇ ಕೆಟ್ಟಿರುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅದು ಬಹುಪಾಲು ನೆಟ್ಟಗಿರುತ್ತದೆ, ಇ6 ಇರುವಾಗ ಅದು ಕೆಡುವ ಅಗತ್ಯವೇ ಬೀಳುವುದಿಲ್ಲ. ವೈರಸ್ ಒಂದೇ ಸಾಲದು ನಿಜ, ಅದಿಲ್ಲದೆ ಆಗುವುದೂ ತೀರಾ ಅಪರೂಪ.

ಈ ವಾದವನ್ನು ಎಲ್ಲ ವೈರಸ್‌ಗಳಿಗೂ ಹೀಗೆಯೇ ಹಚ್ಚಲಾಗದು ಎನ್ನುವುದನ್ನೂ ಒಪ್ಪಬೇಕು. ಹೆಪಟೈಟಿಸ್ ಸಿ ಯಕೃತ್ತನ್ನು ಕೆಡಿಸುವುದು ಹೆಚ್ಚಾಗಿ ವರ್ಷಗಟ್ಟಲೆ ಉರಿಯೂತದ ಮೂಲಕ. ಎಪ್‌ಸ್ಟೀನ್-ಬಾರ್ ವೈರಸ್‌ಗೆ ತಾನು ಹೊಕ್ಕ ಬಿಳಿ ರಕ್ತಕಣ ಹಲವಾದರೆ ತನ್ನ ಮನೆಗಳೇ ಹಲವಾದಂತೆ, ಅಷ್ಟರ ಮಟ್ಟಿಗೆ ಲಾಭವಿದೆ. ಆದರೆ ಆ ಲಾಭವೂ ಮನೆಯ ಯಜಮಾನ ಬದುಕಿರುವವರೆಗೆ.

ಇದೆಲ್ಲ ನಮಗೇಕೆ ಮುಖ್ಯ? ಅವಘಡಕ್ಕೆ ದಾರಿ ಉದ್ದ, ತಡೆಯಲು ತಾಣಗಳು ಹಲವು. 2006ರಲ್ಲಿ ಬಂದ ಎಚ್‌ಪಿವಿ ಲಸಿಕೆ ವೈರಸ್‌ನ ಹೊರಕವಚದ ಪ್ರೋಟೀನನ್ನು ಗುರುತಿಸಲು ದೇಹಕ್ಕೆ ಕಲಿಸುತ್ತದೆ. ನೆಂಟನನ್ನು ಹೊಸ್ತಿಲಲ್ಲೇ ನಿಲ್ಲಿಸುವ ಉಪಾಯ ಇದು. 17 ವರ್ಷದೊಳಗೆ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 88ರಷ್ಟು ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನ ತೋರಿಸಿತು. ಭಾರತದ್ದೇ ಲಸಿಕೆಗೂ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಕ್ಯಾನ್ಸರ್ ಬಂದ ಮೇಲೆ ಇದೇ ಲಸಿಕೆ ಯಾಕೆ ಗುಣಪಡಿಸುವುದಿಲ್ಲ ಎಂದು ಕೇಳುವವರಿದ್ದಾರೆ. ಉತ್ತರ ನಿಮಗೆ ಆಗಲೇ ಗೊತ್ತು: ಕ್ಯಾನ್ಸರ್ ಕೋಶದಲ್ಲಿ ವೈರಸ್ ಹೊರಕವಚ ಹೊಲಿಯುವುದನ್ನೇ ಬಿಟ್ಟಿದೆ, ಹಿಡಿಯಲು ಅಂಗಿಯೇ ಇಲ್ಲ. ಲಸಿಕೆಯನ್ನು ಹುಡುಗಿಯರಿಗೆ ಸೋಂಕು ತಗುಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಕೊಡಿ ಅನ್ನುವುದು ಇದಕ್ಕೇ. ಆ ವಯಸ್ಸು ದಾಟಿದವರಿಗೆ ಮುಖ್ಯವಾಗಿ ಇರುವುದು ತಪಾಸಣೆ, ಅದಕ್ಕೆ ಸಿಗುವ 15-20 ವರ್ಷಗಳ ಸಮಯ. ಹೊತ್ತಿಸಿದವನಿಗೇ ಆರಿಸಲಾಗದ ಒಲೆಯದು. ಬೆಂಕಿ ಮಾಡಿಗೆ ಹತ್ತುವ ಮೊದಲು ಎದ್ದು ನೋಡಬೇಕಾದವರು ಮನೆಯವರೇ.