ಪ್ರಿಂಟ್ ಕೊಡ್ತೀನಿ ಸಾರ್

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಅದನ್ನು ಹತ್ತನೇ ತರಗತಿಯ ಮಕ್ಕಳ ಜೊತೆ ನಾಳೆ ಕೂತು ಮಾತಾಡುತ್ತೇನೆಂದು ಒಪ್ಪಿಸಿ, ಇವತ್ತು ನನ್ನ ಹವ್ಯಾಸದ ಬಗ್ಗೆ ಹೇಳಲು ಅನುಮತಿ ಪಡೆದಿದ್ದೇನೆ. ಸ್ಮರಣ ಸಂಚಿಕೆಗೆ ಹಳೆಯ ಫೋಟೋಗಳನ್ನು ಕಲೆಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದಕ್ಕೇ ಈ ಮಾತು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಕ್ಯಾಮೆರಾ ಕೊಂಡೆ. ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್ ಒಂದೇ ತಿಂಗಳಿಗೆ ಬೇಸರವಾಯಿತು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ತೇಜಸ್ವಿಯವರು ತೆಗೆದ ಹಕ್ಕಿಗಳ ಚಿತ್ರಗಳನ್ನು ನೋಡಿದ್ದೆನಲ್ಲ, ಉದ್ದನೆಯ ಲೆನ್ಸ್ ಬೇಕೇ ಬೇಕು ಎಂಬ ಹುಚ್ಚು ಹತ್ತಿತು. ಅವರ ತಾಳ್ಮೆಯ ಯೋಚನೆ ಮಾತ್ರ ನನಗೆ ಬರಲಿಲ್ಲ.

ಬೆಂಗಳೂರಿನಲ್ಲಿ ಈ ಹವ್ಯಾಸದ ಬೇರು ಹಳೆಯದು. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ನಮ್ಮದು ಅಂಥ ಸಂಘವಲ್ಲ, ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸೇರುವ ಏಳೆಂಟು ಜನ. ಅದರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನಿಯಮ ಮಾಡಿದವರು ಅವರೇ: ವಾರಕ್ಕೆ ಒಬ್ಬರು ಒಂದೇ ಚಿತ್ರ, ಅದೂ ಪ್ರಿಂಟ್ ಹಾಕಿಸಿ ತರಬೇಕು. ಮೊಬೈಲಿನಲ್ಲಿ ತೋರಿಸಿದರೆ ನೋಡುವುದೇ ಇಲ್ಲ.

ನಾನು ಲೆನ್ಸಿನ ಮಾತೆತ್ತಿದಾಗ ಅವರೆಂದರು, “ಐವತ್ತು ಸಾವಿರ ಲೆನ್ಸಿಗೆ ಹಾಕೋದಕ್ಕೆ ಮೊದಲು ಐವತ್ತು ಪ್ರಿಂಟ್ ಹಾಕಿಸಪ್ಪ. ಆಮೇಲೂ ಬೇಕು ಅನ್ನಿಸಿದ್ರೆ ತಗೋ.”

ಮೊದಲ ಪ್ರಿಂಟ್ ಮಿಂಚುಳ್ಳಿಯದು. ಕಂಪ್ಯೂಟರಿನಲ್ಲಿ ಹೊಳೆಯುತ್ತಿದ್ದ ಹಕ್ಕಿ ಕಾಗದದ ಮೇಲೆ ಇದ್ದಿಲಿನ ಹಾಗೆ ಬಂತು. ಪರದೆಗೆ ಹಿಂದಿನಿಂದ ಬೆಳಕಿರುತ್ತದೆ, ಕಾಗದಕ್ಕೆ ತನ್ನದೇ ಬೆಳಕಿಲ್ಲ. ಪರದೆಯ ಹೊಳಪು ತಗ್ಗಿಸಿಕೊಂಡು ಚಿತ್ರ ತಿದ್ದಬೇಕೆಂಬುದು ಆಗ ತಿಳಿಯಿತು. ಇನ್ನೊಂದು ವಿಷಯ ನಿಮ್ಮೆಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಮೊಬೈಲಿನ ಫೋಟೋ ಸಾಮಾನ್ಯವಾಗಿ 4:3 ಅಳತೆಯದು. ಅದನ್ನು 6×4 ಇಂಚಿನ ಕಾಗದ ತುಂಬುವಂತೆ ಹಾಕಿದರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಹೋಗುತ್ತದೆ. ಮದುವೆ ಫೋಟೋದಲ್ಲಿ ಭಾವನವರ ತಲೆ ಹಾರಿದ್ದಕ್ಕೆ ಸ್ಟುಡಿಯೋದವನನ್ನು ಬೈಯಬೇಡಿ. ತೆಗೆಯುವಾಗಲೇ ತಲೆಯ ಮೇಲೆ ಜಾಗ ಬಿಡಿ.

ಐವತ್ತು ಪ್ರಿಂಟ್ ಮುಗಿಯುವ ಹೊತ್ತಿಗೆ ನಾನು ಕೊಂಡಿದ್ದು 50 ಮಿ.ಮೀ.ನ ಚಿಕ್ಕ ಲೆನ್ಸ್. ಜೂಮ್ ಇಲ್ಲ, ಹತ್ತಿರ ಬೇಕೆಂದರೆ ನಾವೇ ನಡೆದು ಹೋಗಬೇಕು. ಅದರ ಬಾಯಿ ಎಫ್ 1.8ರವರೆಗೆ ತೆರೆಯುತ್ತದೆ. ಹಳೆಯ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಒಂಬತ್ತು–ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಫ್ಲ್ಯಾಶ್ ಇಲ್ಲದೆ ನಡುಮನೆಯಲ್ಲಿ ಕೂತವರ ಮುಖ ತೆಗೆಯಬಹುದು.

ಇಷ್ಟೆಲ್ಲ ಕಲಿತವನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಹತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಗುರುವಂದನೆ ನಡೆದಾಗ ನಮ್ಮ ಕನ್ನಡ ಮೇಷ್ಟ್ರ ಫೋಟೋ ತೆಗೆದೆ. ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿಕೊಳ್ಳುತ್ತ ಏನನ್ನೋ ನೆನೆದು ನಗುತ್ತಿದ್ದರು. ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸಿದೆ. “ಚೆನ್ನಾಗಿದೆ ಕಣೋ, ನನಗೊಂದು ಕೊಡು” ಎಂದರು. “ಪ್ರಿಂಟ್ ಕೊಡ್ತೀನಿ ಸಾರ್” ಎಂದೆ. ಮುಂದಿನ ಎರಡು ವರ್ಷ ದೀಪಾವಳಿಗೆ ಊರಿಗೆ ಬಂದಾಗಲೂ ಅದೇ ಮಾತು ಹೇಳಿದೆ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗಳು ಫೋನ್ ಮಾಡಿ ಆ ಫೋಟೋ ಕೇಳಿದರು. ಅಷ್ಟರಲ್ಲಿ ನನ್ನ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ದಿನವಿಡೀ ಬೇರೆಯವರ ಡೇಟಾಕ್ಕೆ ಮೂರು ಪ್ರತಿ ಇಡುವುದೇ ನನ್ನ ಉದ್ಯೋಗ! ಅಂದು ವಾಟ್ಸಾಪಿನಲ್ಲಿ ಗೆಳೆಯನಿಗೆ ಕಳಿಸಿದ್ದ ಪ್ರತಿಯೊಂದು ಸಿಕ್ಕಿತು. ಕುಗ್ಗಿದ ಚಿತ್ರ ಅದು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 12×8 ಇಂಚಿಗೆ 3600×2400 ಪಿಕ್ಸೆಲ್ ಬೇಕು, ಅದರಲ್ಲಿ ಅರ್ಧದಷ್ಟೂ ಉದ್ದವಿರಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಹಾರ ಹಾಕಿರುವುದು ಅದಕ್ಕೇ. ಹತ್ತಿರ ಹೋದರೆ ಮೇಷ್ಟ್ರ ಕಣ್ಣು ಕಾಣಿಸುವುದಿಲ್ಲ.

ಈಗ ಸಂಚಿಕೆಯ ವಿಷಯ. ಮೊದಲ ತಂಡಗಳ ಕಪ್ಪು-ಬಿಳುಪು ಗ್ರೂಪ್ ಫೋಟೋಗಳು ಇವತ್ತಿಗೂ ಗಟ್ಟಿಯಾಗಿವೆ. ನಂತರದ ಕೆಲವು ಕಲರ್ ಫೋಟೋಗಳು ಕೆಂಪಡರಿವೆ. ಕಪ್ಪು-ಬಿಳುಪಿನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಕಲರಿನಲ್ಲಿ ಬಣ್ಣದ ದ್ರವ್ಯಗಳಿಂದ, ಅವು ಒಂದೇ ಸಮನೆ ಮಾಸುವುದಿಲ್ಲ. ಇತ್ತೀಚಿನ ತಂಡಗಳನ್ನು ಕೇಳಿದರೆ, “ಅಣ್ಣಾ, ಆ ಫೋನ್ ಹೋಯ್ತು” ಎನ್ನುತ್ತಾರೆ.

ಸಿಕ್ಕಿದ ಗ್ರೂಪ್ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಒಬ್ಬರು ಯಾವುದರಲ್ಲೂ ಇಲ್ಲವೆಂದು ಗೊತ್ತಾಯಿತು. ಬೆಲ್ಲು ಹೊಡೆಯುತ್ತಿದ್ದರಿಂದ ನಾವೆಲ್ಲ ಬೆಲ್ಲಣ್ಣ ಎಂದು ಕರೆಯುತ್ತಿದ್ದ ನಮ್ಮ ಅಟೆಂಡರ್. ಪ್ರತಿ ವರ್ಷ ಬೆಂಚು ಹೊತ್ತು ತಂದು, ಗಿಡ್ಡದವರನ್ನು ಮುಂದೆ ಕೂರಿಸಿ, ಕಾಲರ್ ಸರಿಮಾಡಿ, ಫೋಟೋಗ್ರಾಫರನ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದರು. ಸಿಕ್ಕಿದ್ದು ಕ್ರೀಡಾದಿನದ ಒಂದೇ ಒಂದು ಫೋಟೋ. ಓಟದ ಗೆರೆಯ ಆಚೆ ಸುಣ್ಣದ ಬುಟ್ಟಿ ಹಿಡಿದಿದ್ದಾರೆ, ಮುಖ ಅಕ್ಕಿಕಾಳಿನಷ್ಟು. ಎಷ್ಟು ದೊಡ್ಡದು ಮಾಡಿದರೂ ಕಾಗದದ ತರಿಯೇ ಕಾಣುತ್ತದೆ.

ಕಳೆದ ತಿಂಗಳು ಅವರ ಮನೆಗೆ ಹೋದೆ. “ತಡಿಯಪ್ಪ” ಎಂದು ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಬಿಸಿಲಿಗೆ ಬೇಡವೆಂದು ಬಾಗಿಲ ಪಕ್ಕ, ಹೊರಗಿನ ಬೆಳಕು ಓರೆಯಾಗಿ ಬೀಳುವಲ್ಲಿ ಕೂರಿಸಿದೆ. ಸೆಟೆದು ಕೂತರು. ಶಾಲೆಯ ಸುದ್ದಿ ತೆಗೆದೆ. ಗಂಟೆಯ ಬದಲು ಈಗ ಎಲೆಕ್ಟ್ರಿಕ್ ಬೆಲ್ ಬಂದಿದೆ ಎಂದಾಗ, “ಕರೆಂಟ್ ಹೋದ್ರೆ ಪೀರಿಯಡ್ ಮುಗಿಯೋದೇ ಇಲ್ವಾ?” ಎಂದು ನಕ್ಕರು. ಆಗ ತೆಗೆದದ್ದೇ ಆ ಫೋಟೋ. ಅವರ ಮನೆಯವರು ಹೇಳಿದರು, “ಆಧಾರ್ ಕಾರ್ಡಿಂದು ಬಿಟ್ರೆ ಇವ್ರ ಫೋಟೋ ಮನೇಲಿ ಇನ್ನೊಂದಿಲ್ಲ ಕಣಪ್ಪ.” ಅದೇ ವಾರ 12×8ರಲ್ಲಿ ಪ್ರಿಂಟ್ ಹಾಕಿಸಿ, ಗಾಜಿಗೆ ಅಂಟದಂತೆ ನಡುವೆ ಮೌಂಟ್ ಕೊಡಿಸಿ, ಕಟ್ಟು ಹಾಕಿಸಿ ಕೊಟ್ಟುಬಂದೆ. ಸಂಚಿಕೆಯಲ್ಲೂ ಅದು ಬರುತ್ತದೆ. ಬೆಲ್ಲಣ್ಣ ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ.

ಇನ್ನೂ ಆರು ವರ್ಷದ ಗ್ರೂಪ್ ಫೋಟೋಗಳು ಸಿಕ್ಕಿಲ್ಲ. ಪಟ್ಟಿ ಆಫೀಸಿನ ಬಾಗಿಲಿಗೆ ಅಂಟಿಸಿದ್ದೇನೆ. ಇದ್ದವರು ತನ್ನಿ. ಅಂಟಿನ ಆಲ್ಬಮ್‌ನಲ್ಲಿದ್ದರೆ ಕೀಳಬೇಡಿ, ಹರಿಯುತ್ತದೆ, ಆಲ್ಬಮನ್ನೇ ತನ್ನಿ. ಮೊಬೈಲಿನಲ್ಲಿದ್ದರೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಕುಗ್ಗುವುದಿಲ್ಲ. ಎಂಟನೇ ತರಗತಿ ಕೋಣೆಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಸಂಜೆ ಆರರವರೆಗೆ ಕೂತಿರುತ್ತೇನೆ. ನಿಮ್ಮ ಫೋಟೋ ನಿಮ್ಮ ಎದುರಿಗೇ ವಾಪಸ್ ಕೊಡುತ್ತೇನೆ. ಹಿಂಬದಿಯಲ್ಲಿ ಹೆಸರು ಬರೆಯಲು ಪೆನ್ಸಿಲ್ಲೂ ಅಲ್ಲೇ ಇರುತ್ತದೆ.