ಹಾಜರಾತಿ ಪುಸ್ತಕವೂ ಕಾಯಕವೂ



ನಾನು ಕಾರ್ಯಪಾಲಕ ಇಂಜಿನಿಯರ್ ಆಗಿದ್ದಾಗ ನಮ್ಮ ಕಚೇರಿಯ ಕಿರಿಯ ಇಂಜಿನಿಯರ್ ಒಬ್ಬರು ಖಿನ್ನತೆಯಿಂದ ರಜೆಯಲ್ಲಿದ್ದರು. ಮಾರ್ಚ್ ತಿಂಗಳು, ಬಿಲ್ಲುಗಳ ಒತ್ತಡ. ಮೂರು ನೋಟಿಸು ಕಳಿಸಿದೆ. ಸಾಲದ್ದಕ್ಕೆ ಫೋನಿನಲ್ಲಿ ಕಾಯಕದ ಉಪದೇಶ ಬೇರೆ!

ಪಾಪ, ಬಂದರು. ಅಳತೆ ಪುಸ್ತಕ ತೆರೆದು ಮಧ್ಯಾಹ್ನದವರೆಗೂ ಒಂದೇ ಪುಟ ನೋಡುತ್ತ ಕುಳಿತರು. ಕೈ ನಡುಗುತ್ತಿತ್ತು. ಸೇತುವೆಯ ತೊಲೆ ಬಿರುಕು ಬಿಟ್ಟರೆ ಅಂದೇ ಲಾರಿಗಳನ್ನು ತಡೆಯುತ್ತಿದ್ದವನು ನಾನು. ಮನುಷ್ಯನ ವಿಷಯದಲ್ಲಿ ಆ ಬುದ್ಧಿ ಇರಲಿಲ್ಲ. ಶರಣರು ಕಾಯಕಕ್ಕೆ ಕೊಟ್ಟ ಘನತೆಯನ್ನು ಹಾಜರಾತಿ ಪುಸ್ತಕದ ಸಹಿಗೆ ಇಳಿಸಿದ್ದೆ.

ಕಾನೂನು ಓದಿದ್ದು ಆಮೇಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ಸರ್ಕಾರಿ ನೌಕರರನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಲೇಬೇಕು. ಇದಕ್ಕೆ ಪ್ರಮಾಣಪತ್ರ ಬೇಕು. ಮನೆಯವರು ಮರ್ಯಾದೆಗೆ ಅಂಜಿ ಅದನ್ನೇ ಮಾಡಿಸುವುದಿಲ್ಲ. ಮಾತನಾಡಲು ಯಾರೂ ಇಲ್ಲದಿದ್ದರೆ ಟೆಲಿ-ಮಾನಸ್ ಇದೆ, 14416, ಕರೆ ಉಚಿತ.

ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರ ತಾಯಿ ಚಹಾ ಕೊಟ್ಟರು. "ಅವನನ್ನು ಸ್ವಲ್ಪ ಮಲಗಲು ಬಿಡಿ ಸಾಹೇಬರೇ" ಎಂದರು. ರಜೆ ಅರ್ಜಿಗೆ ಮರುದಿನ ಸಹಿ ಹಾಕಿದೆ.